ಮಗಳ ಕಿವಿಗೆ ಮೂರು ಹೊಲಿಗೆ

ಮುಖಮಂಡಲದಲ್ಲಿ ಅತ್ಯಂತ ಉಪೇಕ್ಷಿತ ಅವಯವವೆಂದರೆ ಕಿವಿ. ಕಣ್ಣಿಗೆ ಕಾಡಿಗೆಯುಂಟು, ಹಣೆಗೆ ಕುಂಕುಮವುಂಟು, ಮೂಗಿಗೆ ಹೊಗಳಿಕೆಯೋ ಕುಚೋದ್ಯವೋ ತಪ್ಪಿದ್ದಲ್ಲ. ಒಡವೆಯಿಲ್ಲದ ಕಿವಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಹೀಗೆಂದು ನಂಬಿಕೊಂಡೇ ನಾನು ಹನ್ನೆರಡು ವರ್ಷ ಒಂದು ಅಪರಾಧವನ್ನು ಬಚ್ಚಿಟ್ಟುಕೊಂಡು ಬಾಳಿದೆ.

ನನ್ನ ಹಿರಿಯ ಮಗಳು ಸುಶೀಲೆಯ ಎಡಗಿವಿಯ ಹಾಲೆ ಸೀಳಿಹೋಗಿತ್ತು. ತಪ್ಪು ನನ್ನದೇ. ಅವಳಿಗೆ ಎಂಟು ವರ್ಷವಾಗಿದ್ದಾಗ ಕೆರಗೋಡಿನ ಮದುವೆಯೊಂದರಲ್ಲಿ, ನಾಲ್ಕು ಜನ ನೋಡಲೆಂದು, ನನ್ನ ಭಾರದ ಜುಮುಕಿಯನ್ನು ಅವಳಿಗೆ ತೊಡಿಸಿದ್ದೆ. ಅವಳ ಸೊಂಟದ ಮೇಲಿದ್ದ ಕೂಸು ತಮ್ಮ ಅದನ್ನು ಹಿಡಿದು ಎಳೆದ. ಗಾಯ ಮಾಯಿತು, ಸೀಳು ಉಳಿಯಿತು. ಅಂದಿನಿಂದ ಅವಳ ತಲೆ ಬಾಚುವ ಅಧಿಕಾರವನ್ನು ನಾನು ಯಾರಿಗೂ ಬಿಟ್ಟುಕೊಡದೆ, ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟೇ ಜಡೆ ಹೆಣೆಯುತ್ತಿದ್ದೆ. ಮಳವಳ್ಳಿಯವರು ಹೆಣ್ಣು ನೋಡಲು ಬಂದ ದಿನವೂ ಅವಳ ಎಡಮಗ್ಗುಲು ಗೋಡೆಗೆ ಬರುವಂತೆ ಚಾಪೆ ಹಾಸಿದ್ದೆ. ಅವರು ಒಪ್ಪಿದರು, ಲಗ್ನ ಶ್ರಾವಣದ ಕೊನೆಗೆ ನಿಂತಿತು. ಹೊರಡುವಾಗ ಬೀಗಿತ್ತಿ ಹೊಸ್ತಿಲ ಮೇಲೆ ನಿಂತು, "ಓಲೆ ನಾವೇ ಮಾಡಿಸ್ತೀವಿ ಕಣಮ್ಮ. ನಮ್ಮನೆ ಸೊಸೆ ಕಿವೀಲಿ ನಮ್ಮೋಲೇನೇ ಇರ್ಬೇಕು" ಎಂದರು. ಅಂದಿನಿಂದ ನನಗೆ ಅನ್ನ ರುಚಿಸಲಿಲ್ಲ.

"ಒಂದು ಕಾಗದ ಬರೆದು ಹೇಳಿಬಿಡಮ್ಮ" ಎಂದಳು ಸುಶೀಲೆ. ಹೇಳಿದರೆ, ಅಂದೇ ಏಕೆ ಹೇಳಲಿಲ್ಲವೆಂದು ಸಂಬಂಧ ಮುರಿದಾರು. ಹೇಳದಿದ್ದರೆ ಓಲೆ ತೊಡಿಸುವಾಗ ಬಯಲಾದೀತು. ಅಷ್ಟರಲ್ಲಿ, ಹರಿದ ಕಿವಿಯನ್ನು ಹೊಲಿದು ಕೂಡಿಸುವ ಡಾಕ್ಟರೊಬ್ಬರು ನಮ್ಮ ಮಂಡ್ಯದಲ್ಲೇ ಇದ್ದಾರೆಂದು ತಿಳಿಯಿತು. ತಿಳಿದದ್ದು ವೈಶಾಖದ ಕೊನೆಯಲ್ಲೇ. ಆದರೆ ಮದುವೆಗೆಂದು ಮಾಡಿಸುವ ಹೊಲಿಗೆಯೂ ಶುಭಕಾರ್ಯವಲ್ಲವೆ? ಜ್ಯೇಷ್ಠಮಾಸದಲ್ಲಿ ಹಿರಿಯ ಮಗಳಿಗೆ ಕೂಡದು, ಆಷಾಢದಲ್ಲಿ ಯಾರಿಗೂ ಕೂಡದು ಎಂದು ಪಂಚಾಂಗವನ್ನು ಎದೆಗವಚಿಕೊಂಡು ಕುಳಿತ ನಾನು, ಶ್ರಾವಣದ ಮೊದಲ ಶುಕ್ರವಾರ ಮಗಳಿಗೆ ಎಣ್ಣೆನೀರು ಹಾಕಿ, ದೇವರಿಗೆ ದೀಪ ಹಚ್ಚಿ, ಅವಳನ್ನು ಕರೆದುಕೊಂಡು ಹೊರಟೆ.

ಡಾಕ್ಟರು ಸೀಳಿನ ಅಂಚನ್ನು ಕತ್ತರಿಸಿ ಮೂರು ಹೊಲಿಗೆ ಹಾಕಿದರು. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಆಗ ಕೇಳಿದೆ: ಓಲೆ ಯಾವಾಗ ಹಾಕಬಹುದು?

"ಮೂರು ತಿಂಗಳು ಕಳೀಲಿ, ಆಮೇಲೆ ಚುಚ್ಚಿಸಿ."

"ಮೂರು ವಾರಕ್ಕೆ ಮದುವೆ ಇದೆ, ಸ್ವಾಮಿ."

"ಇಷ್ಟು ದಿನ ಏನು ಮಾಡ್ತಿದ್ರಿ?"

"ಆಷಾಢ ಇತ್ತು."

ಡಾಕ್ಟರು ಕೈ ತೊಳೆಯುತ್ತ, "ಕಿವಿಗೂ ಆಷಾಢ ಬರುತ್ತೇನಮ್ಮ?" ಎಂದರು. ಸುಶೀಲೆ ಬ್ಯಾಂಡೇಜಿನೊಳಗಿಂದಲೇ ನಕ್ಕಳು. ನನಗೆ ನಗು ಬರಲಿಲ್ಲ.

ಮದ್ದೂರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ಕಡತ ಕಟ್ಟುವುದರಲ್ಲೇ ಅರ್ಧಾಯುಷ್ಯ ಕಳೆದ ನಮ್ಮವರು, "ದಾರದಲ್ಲಿ ಕಿವಿಗೆ ಕಟ್ಟುದ್ರಾಯ್ತು ಬುಡೇ" ಎಂದು ಪರಿಹಾರ ಸೂಚಿಸಿ ನಿದ್ದೆಹೋದರು. ಹೊಲಿಗೆ ಬಿಚ್ಚಿಸಿಕೊಂಡು ಬಂದ ಮಾರನೆಯ ದಿನವೇ ಬೀಗಿತ್ತಿ ಮಳವಳ್ಳಿ ಬಸ್ಸಿನಿಂದಿಳಿದು, ಓಲೆಯ ಡಬ್ಬಿ ಸಮೇತ ನಮ್ಮ ನಡುಮನೆಗೆ ಬಂದು ಕುಳಿತರು. ಸೊಸೆಗೆ ಒಪ್ಪುತ್ತದೆಯೋ ಇಲ್ಲವೋ ಒಮ್ಮೆ ಹಾಕಿ ನೋಡಬೇಕಂತೆ.

"ಇವತ್ತು ದಿನ ಚೆನ್ನಾಗಿಲ್ಲ ಅಕ್ಕ" ಎಂದೆ.

"ದಿನ ನೋಡ್ಕಂಡೇ ಬಂದಿವ್ನಿ."

ನನ್ನ ಪಂಚಾಂಗ ಅಲ್ಲಿಗೆ ಕೈಕೊಟ್ಟಿತು. ಅಷ್ಟರಲ್ಲಿ ಸುಶೀಲೆ ಒಳಗಿನಿಂದ ಬಂದಳು. ತಾನೇ ತಲೆ ಬಾಚಿಕೊಂಡು, ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ಕಟ್ಟಿದ್ದಳು. ನೇರ ಹೋಗಿ ಎಡಗಿವಿಯನ್ನು ಅವರತ್ತ ತಿರುಗಿಸಿ ಕುಳಿತಳು.

"ಇದು ಚಿಕ್ಕಂದಿನಲ್ಲೇ ಹರಿದಿತ್ತು ಅತ್ತೆ. ಈಗ ಹೊಲಿಸಿದೀವಿ. ಮೂರು ತಿಂಗಳು ಚುಚ್ಚೋ ಹಾಗಿಲ್ಲವಂತೆ. ನೀವು ನೋಡೋಕೆ ಬಂದಾಗ ಹೇಳಲಿಲ್ಲ."

ಬೀಗಿತ್ತಿ ಆ ಹಾಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದರ್ಜಿಯವನು ಕೊಟ್ಟ ರವಿಕೆಯನ್ನು ಪರೀಕ್ಷಿಸುವಂತೆ ನೋಡಿದರು. ನನ್ನ ಕೈಯಲ್ಲಿದ್ದ ಲೋಟದ ಕಾಫಿ ಆರಿಹೋಗುವಷ್ಟು ಹೊತ್ತು ನೋಡಿದರು.

"ವಸಿ ಸೊಟ್ಟ ಹೊಲ್ದವ್ನೆ" ಎಂದರು ಕೊನೆಗೆ. ಆಮೇಲೆ ನನ್ನ ಕಡೆ ತಿರುಗಿ, "ಮರೆ ಮಾಡಿದ್ದು ಸರಿಯಲ್ಲ ಕಣಮ್ಮ" ಎಂದರು.

"ನನ್ನದೇ ತಪ್ಪು ಅಕ್ಕ. ಅವಳದಲ್ಲ" ಎಂದೆ. ಹನ್ನೆರಡು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಅವರು ಒಂದು ಓಲೆಯನ್ನು ಸೊಸೆಯ ಬಲಗಿವಿಗೆ ಹಾಕಿ, ಇನ್ನೊಂದನ್ನು ಡಬ್ಬಿಯಲ್ಲೇ ಮುಚ್ಚಿ ಸೆರಗಿನ ಗಂಟಿಗೆ ಸೇರಿಸಿಕೊಂಡರು. "ಇದು ನನ್ ತಾವಿರ್ಲಿ. ವಾಸಿ ಆದ್ಮೇಲೆ ನಾನೇ ಚುಚ್ಚುಸ್ತೀನಿ."

ಆ ಇನ್ನೊಂದು ಓಲೆ ಭರವಸೆಯೋ ಒತ್ತೆಯೋ ಎಂದು ಮದುವೆಯ ದಿನದವರೆಗೂ ನಾನು ಕೊರಗಿದೆ. ಧಾರೆಗೆ ಮೊದಲು ಮೊಳದುದ್ದದ ಮಲ್ಲಿಗೆ ದಂಡೆಯನ್ನು ಎಡಗಿವಿಯ ಮೇಲೆ ಬೀಳುವಂತೆ ಉಪಾಯವಾಗಿ ಮುಡಿಸಿದ್ದೆ. ಬೀಗಿತ್ತಿ ಬಂದವರೇ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಂದಕ್ಕೆ ಹಾಕಿದರು.

"ಮುಚ್ಬ್ಯಾಡಿ ಬುಡಿ, ಗಾಳಿ ಆಡ್ಲಿ. ಬ್ಯಾಗ ಮಾಯ್ತದೆ."

ಮಂತ್ರ ಮೊಳಗಿತು, ಓಲಗ ಏರಿತು, ಅಕ್ಷತೆ ಬಿತ್ತು. ನಾನು ಇಷ್ಟು ವರ್ಷ ಮರೆಮಾಡಿದ ಆ ಕಿವಿ ಬರಿದಾಗಿ, ಕೊಂಚ ಸೊಟ್ಟಗೆ, ಚಪ್ಪರದ ಬೆಳಕಿನಲ್ಲಿ ಎಲ್ಲರಿಗೂ ಕಾಣುವಂತಿತ್ತು. ನೋಡುತ್ತಿದ್ದವಳು ಮಾತ್ರ ನಾನೊಬ್ಬಳೇ.