ಬೇಲಿಯೊಳಗೆ ಬಿದ್ದ ಬೆಂಕಿ

ನಾನು ಹುಟ್ಟಾ ಪುಕ್ಕಲ. ಅದನ್ನು ನೋಡಿಯೇ ಇರಬೇಕು, ಕಾಡಿನ ಇಲಾಖೆಯ ಬಿಳಿಯ ದೊರೆ ನನಗೆ ಸಸಿ ಎಣಿಸುವ ಕೆಲಸ ಕೊಟ್ಟರು. ಇಂಥವನು ಕಂಡದ್ದನ್ನು ಬಿಟ್ಟು ಬೇರೇನೂ ಬರೆಯಲಾರ ಎಂದುಕೊಂಡರೋ ಏನೋ.

ನಮ್ಮ ಹಟ್ಟಿಯ ಮೇಲಿನ ಬೆಟ್ಟವೆಲ್ಲ ಬರೀ ಹುಲ್ಲು, ನೀರು ಹರಿಯುವ ಕಣಿವೆಗಳಲ್ಲಿ ಮಾತ್ರ ದಟ್ಟವಾದ ಶೋಲೆಕಾಡು. ಕಾಡು ಯಾಕೆ ಹುಲ್ಲಿನ ಮೇಲಕ್ಕೆ ಹತ್ತುವುದಿಲ್ಲ, ತಡೆಯುವುದು ನಮ್ಮ ಎಮ್ಮೆಗಳೋ, ನಾವು ಹಾಕುವ ಬೆಂಕಿಯೋ, ಚಳಿಗಾಲದ ರಾತ್ರಿ ಹುಲ್ಲಿನ ಮೇಲೆ ಹೆಪ್ಪುಗಟ್ಟುವ ಹಿಮವೋ ಎಂಬುದು ದೊರೆಯ ಪ್ರಶ್ನೆ. ಅದಕ್ಕಾಗಿ ಕಾಡಿನಂಚಿನ ಹುಲ್ಲಿಗೆ ಬೇಲಿ ಹಾಕಿಸಿ, ಎಮ್ಮೆ, ಬೆಂಕಿ ಎರಡೂ ಒಳಗೆ ಬರದಂತೆ ಕಾಯಲು ನನ್ನನ್ನು ಇಟ್ಟರು. ಮೂರನೇ ವರ್ಷಕ್ಕೆ ಶೋಲೆಯ ಸಸಿಗಳು ಮೊಣಕಾಲೆತ್ತರ ಬಂದವು. ಆ ಸಲದ ಹಿಮವನ್ನೂ ತಾಳಿಕೊಂಡವು. ಎಣಿಸಿ ಪುಸ್ತಕದಲ್ಲಿ ಬರೆಯುವುದೊಂದೇ ಬಾಕಿ ಇತ್ತು.

ಹಿಮ ಮುಗಿದ ಮೇಲೆ ಒಣಹುಲ್ಲು ಸುಡುವುದು ನಮ್ಮವರ ಪದ್ಧತಿ. ಮೊದಲ ಮಳೆಗೆ ಎಳೆಹುಲ್ಲು ಬಂದರೆ ಎಮ್ಮೆಗಳು ಚೆನ್ನಾಗಿ ಮೇಯುತ್ತವೆ. ಎಣಿಸಲೆಂದು ನಾನು ಬೆಟ್ಟ ಹತ್ತಿದ ದಿನ ಬೇಲಿಯೊಳಗೂ ಬೂದಿ. ಪಕ್ಕದಲ್ಲಿ ನಮ್ಮಪ್ಪ, ಮಗನಿಗೆ ದೊಡ್ಡ ಉಪಕಾರ ಮಾಡಿದ ಖುಷಿಯಲ್ಲಿ ಕೂತಿದ್ದ.

"ನಿನ ಬೇಲಿ ಒಳಗ ಎಲ್ಲಾ ಹಳೆ ಹುಲ್ಲು. ನಾನೇ ಕಿಚ್ಚು ಹಾಕಿನೆ. ಮಳೆ ಬಂದಲೆ ನಿನ ಗಿಡ ಚಂದಾಗಿ ಚಿಗುರೀತು," ಎಂದ.

ಬೇಲಿಯೊಳಗೆ ಬೆಂಕಿ ಇಟ್ಟವರಿಗೆ ಜೈಲು ಎಂದು ಹಟ್ಟಿಹಟ್ಟಿಗೂ ಸಾರಿ ಬಂದವನು ನಾನೇ.

ದೊರೆ ಬರುವುದಕ್ಕೆ ಒಂದು ತಿಂಗಳೂ ಇರಲಿಲ್ಲ. ಸುಟ್ಟ ಗೂಟಗಳನ್ನು ಕಿತ್ತು ಹೊಸದು ನೆಟ್ಟೆ. ಸಸಿಗಳ ಕಾಂಡದ ಮಸಿಯನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿದೆ. ನೆಲದ ಕಪ್ಪನ್ನು ಒರೆಸುವುದು ಹೇಗೆ? ಮಳೆಯೇ ಬರಬೇಕಿತ್ತು. ಅರ್ಧ ಊಟಕ್ಕೇ ಎದ್ದು ಹೊರಗೆ ಬಂದು ದಿನವೂ ಆಕಾಶ ನೋಡುತ್ತಿದ್ದೆ. ದಾರಿಯಲ್ಲಿ ಕುದುರೆಯ ಸದ್ದಾದರೆ ಓಡಿಹೋಗಿ ಕೊಟ್ಟಿಗೆಯ ಹಿಂದೆ ನಿಲ್ಲುತ್ತಿದ್ದೆ. ಅಪ್ಪನ ಕೈಗೆ ಬೇಡಿ ಬಿದ್ದದ್ದೇ ಕಣ್ಣ ಮುಂದೆ ಬರುತ್ತಿತ್ತು.

ಕೊನೆಗೂ ಮೂರು ದಿನ ಮಳೆ ಹೊಡೆಯಿತು. ದೊರೆ ಬರುವಾಗ ಹುಲ್ಲು ಹಸಿರಾಗಿತ್ತು, ಸಸಿಗಳು ಮಾತ್ರ ಸತ್ತು ನಿಂತಿದ್ದವು. ಅವರು ಕೂತು ಒಂದು ಒಣಕಾಂಡವನ್ನು ಮುರಿದರು, ಮೂಸಿದರು. ತಲೆಯೆತ್ತಿ, ತಮಗೆ ಬರುತ್ತಿದ್ದ ಹರಕು ತಮಿಳಿನಲ್ಲಿ, ಹಿಮವಾ ಎಂದು ಕೇಳಿದರು.

"ಆಮಾ ದೊರೆ," ಎಂದು ಹೌದೆಂಬಂತೆ ತಲೆಯಾಡಿಸಿದೆ.

ಪುಸ್ತಕದಲ್ಲಿ ಪ್ರತಿ ಸಸಿಯ ಮುಂದೆಯೂ ಹಿಮ ಎಂದು ನನ್ನ ಕೈಯಿಂದಲೇ ಬರೆಸಿದರು. ಆ ದಿನ ಮನೆಗೆ ಬಂದು ಹೊಟ್ಟೆ ತುಂಬ ಉಂಡೆ, ನಾಚಿಕೆಯಿಲ್ಲದೆ.

ಎರಡು ವರ್ಷದ ಮೇಲೆ ಆರ್ಡರು ಬಂತು. ಎಮ್ಮೆ, ಬೆಂಕಿ ಇಲ್ಲದಿದ್ದರೂ ಇಲ್ಲಿಯ ಮರ ಹಿಮಕ್ಕೆ ಬದುಕುವುದಿಲ್ಲ, ಅದು ಪರೀಕ್ಷೆಯಿಂದ ಗೊತ್ತಾಗಿದೆ. ಹಿಮ ತಾಳುವ ಪರದೇಶದ ವಾಟಲ್ ಮರವನ್ನು ಬೆಟ್ಟದ ತುಂಬ ನೆಡುವುದು, ಎಮ್ಮೆಗಳು ಇನ್ನು ಆ ಕಡೆ ಕಾಲಿಡಕೂಡದು. ಹಟ್ಟಿಯಲ್ಲಿ ಓದು ಬಲ್ಲವನು ನಾನೊಬ್ಬನೇ, ಹಾಗಾಗಿ ಎಲ್ಲರಿಗೂ ಓದಿ ಹೇಳಿದವನೂ ನಾನೇ.

ಕೊಟ್ಟಿಗೆಯಲ್ಲಿ ಎಮ್ಮೆಗಳು ಹೊರಗೆ ಬಿಡಲಿಲ್ಲವೆಂದು ಕೂಗುತ್ತಿದ್ದವು.

"ಹಿಮ ಅಂತ ಅವಕ ಹೇಳಿದ್ದು ದಾರ?" ಎಂದು ಅಪ್ಪ ಕೇಳಿದ.

ಯಾರು ಹೇಳಿದರೋ ಗೊತ್ತಿಲ್ಲ ಅಂದೆ.