ಐದನೆಯ ಸ್ಪೀಕರಿನ ಜಾಗ

ನಮ್ಮ ಮಾವ ಮಹಾರುದ್ರಪ್ಪನವರು ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ಬೈಗುಳವೆಂದು ತಿಳಿಯಬೇಡಿ. ಇಷ್ಟು ಎತ್ತರ, ಇಂಥ ಬಣ್ಣ ಎಂದು ಹೇಳುವ ಹಾಗೆ ಇದೂ ಅವರ ಒಂದು ಗುರುತು. ಬಸವಕಲ್ಯಾಣದ ಪೇಟೆಯಲ್ಲಿ ಮೂವತ್ತೈದು ವರ್ಷ ಹಗ್ಗ, ಕುಡಗೋಲು, ಬಿತ್ತನೆ ಬೀಜದ ಅಂಗಡಿ ನಡೆಸಿದರು. ಹಗ್ಗ ಕೇಳಿ ಬಂದವನಿಗೆ "ಯಾತಕ್ಕ?" ಎಂದು ಕೇಳದೆ ಕೊಟ್ಟವರಲ್ಲ. ಹಾಲು ಹಾಕುವ ಜಗದೇವಿ ಒಂದು ದಿನ ನಗುನಗುತ್ತಾ ಬಂದರೆ, ಅವತ್ತು ನೀರು ಜಾಸ್ತಿ ಬಿದ್ದಿದೆ ಎಂದೇ ಅರ್ಥ. ನಾನು ತೊಂಬತ್ತಾರರಲ್ಲಿ ಸೊಸೆಯಾಗಿ ಬಂದಾಗ ತವರಿನಿಂದ ತಂದ ಟ್ರಂಕಿಗೆ ಬೀಗ ಹಾಕಿದ್ದೆ. ಅದನ್ನು ಕಂಡು ಮಾವ ನಮ್ಮತ್ತೆ ಮಾಣಿಕಮ್ಮನ ಹತ್ತಿರ, "ವಿದ್ಯಾವತಿ ಶ್ಯಾಣ್ಯಾಕಿ ಅದಾಳ" ಎಂದರಂತೆ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದೇ, ಒಳಗೊಳಗೇ ಹಿಗ್ಗಿದ್ದೆ.

ಎರಡು ಸಾವಿರದ ನಾಲ್ಕರಲ್ಲಿ ನನ್ನ ಗಂಡ ಶರಣಕುಮಾರರಿಗೆ ಹೋಮ್ ಥಿಯೇಟರಿನ ಹುಚ್ಚು ಹಿಡಿಯಿತು. ಹೈದರಾಬಾದಿನ ಗೆಳೆಯರ ಮನೆಯಲ್ಲಿ ಕೂತು ಸಿನಿಮಾ ನೋಡಿ ಬಂದಿದ್ದರು. ಬೆನ್ನ ಹಿಂದಿನಿಂದ ಕುದುರೆ ಓಡಿ ಬಂದ ಹಾಗೆ ಕೇಳಿಸಿತಂತೆ, ತಿರುಗಿ ನೋಡಿದರಂತೆ. ಮಾವ ಒಪ್ಪಲಿಲ್ಲ. ಐದು ಡಬ್ಬಿ ಪಡಸಾಲೆಯಲ್ಲಿ ಸಾಲಾಗಿ ಇಟ್ಟರೆ ಯಾವನಾದರೂ ಹೊತ್ತೊಯ್ಯುತ್ತಾನೆ ಎಂಬ ಹಟ. ಆದರೆ ಗೋಡೆಯೊಳಗೇ ಕೂರಿಸುವ ಸ್ಪೀಕರ್ ಬಂದಿವೆ, ಮೇಲೆ ಬರೀ ಜಾಲರಿ ಕಾಣುತ್ತದೆ ಎಂದು ಕೇಳಿದ ದಿನ ಅವರ ಮುಖ ಅರಳಿತು. "ಹಂಗಾದ್ರ ಒಯ್ಯಾಂವ ಗ್ವಾಡೀನೂ ಹೊತ್ಕೊಂಡ್ ಹೋಗಬೇಕು" ಎಂದು ತಾವೇ ಹೈದರಾಬಾದಿಗೆ ಹೊರಟು ನಿಂತರು.

ಅಂಗಡಿಯವನು ಹಾಡು ಹಾಕಿ ತೋರಿಸಿದ. ಮಾವ ಕೈಯೆತ್ತಿ ನಿಲ್ಲಿಸಿದರು. ಹಾಡಿನಲ್ಲಿ ಯಾರು ಯಾರನ್ನು ಬೇಕಾದರೂ ಮರುಳು ಮಾಡಬಹುದು, ವಾರ್ತೆ ಹಾಕು ಎಂದರು. ಆರು ಜೋಡಿ ಸ್ಪೀಕರಿನಲ್ಲಿ ಅದೇ ವಾರ್ತೆ ಕೇಳಿದರು. ನಾಲ್ಕನೆಯದರಲ್ಲಿ ಓದುವವನು ಉಸಿರು ಎಳೆದುಕೊಂಡದ್ದು ಕೇಳಿಸಿತು. "ಇದು ಏನೂ ಮುಚ್ಚಿ ಇಡೂದಿಲ್ಲ, ಇದನ್ನ ಕಟ್ಟು" ಎಂದರು. ಎಲ್ಲ ಹೇಳಬೇಕಾದರೆ ಇದನ್ನೂ ಹೇಳಬೇಕು: ಅವರು ಆರಿಸಿದ್ದೇ ಅಂಗಡಿಯಲ್ಲಿದ್ದ ಒಳ್ಳೆಯ ಮಾಲು.

ಕೂರಿಸಲು ಹುಮನಾಬಾದಿನಿಂದ ಕಾಸಿಂ ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ರೇಡಿಯೋ, ಟೇಪು ರಿಪೇರಿಯ ಅಂಗಡಿ. ನಾನು ಹುಮನಾಬಾದಿನ ಹೈಸ್ಕೂಲಿನಲ್ಲಿ ಪಾಠ ಮಾಡುವವಳು, ದಿನಾ ಅವನ ಅಂಗಡಿಯ ಮುಂದೆಯೇ ಹಾಯುತ್ತೇನೆ. ಅವನನ್ನು ಕರೆಸಿ ಎಂದವಳೂ ನಾನೇ. ಐವತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ಮಾವನ ಕಣ್ಣಿಗೆ ಕಡಿಮೆ ಮಾತೇ ದೊಡ್ಡ ದೋಷ.

ಬಂದವನೇ ಕಾಸಿಂ ಒಂದು ಕೆಲಸ ಮಾಡಿದ. ಬೆರಳ ಗಂಟಿನಿಂದ ಗೋಡೆ ತಟ್ಟುತ್ತಾ, ಕಿವಿ ಹಚ್ಚಿ ಕೇಳುತ್ತಾ, ಪಡಸಾಲೆಯ ಸುತ್ತ ನಡೆದ. ಕಲ್ಲು ಮಣ್ಣಿನ ಎರಡೂವರೆ ಮೊಳ ದಪ್ಪದ ಗೋಡೆ ನಮ್ಮದು. ಹಿಂದೆ ದೀಪ ಇಡಲು ಬಿಟ್ಟ ಗೂಡುಗಳನ್ನು ಎಷ್ಟೋ ಕಡೆ ಮುಚ್ಚಿ ಗಾರೆ ಬಳಿದಿರುತ್ತಾರೆ. ಅಂಥ ಪೊಳ್ಳು ಸಿಕ್ಕರೆ ಕಲ್ಲು ಕಡಿಯುವ ಕಷ್ಟವಿಲ್ಲ, ಸ್ಪೀಕರ್ ಸೀದಾ ಕೂರುತ್ತದೆ. ಅವನ ಲೆಕ್ಕ ಇಷ್ಟೇ. ಆದರೆ ಕಲ್ಯಾಣದಲ್ಲಿ ಹಳೆಯ ಮನೆಯ ಗೋಡೆ ತಟ್ಟುವವನನ್ನು ಕಂಡರೆ ಜನ ಬೇರೆಯೇ ಲೆಕ್ಕ ಹಾಕುತ್ತಾರೆ. ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ ಬಂಗಾರ ಗೋಡೆಗೆ ಇಟ್ಟು ಮುಚ್ಚಿದ ಕಥೆ ಇಲ್ಲದ ಮನೆ ನಮ್ಮ ಓಣಿಯಲ್ಲಿಲ್ಲ. ಮಾವನ ತಾಯಿ ಸುಮನಬಾಯಿಯೂ ಏನೋ ಇಟ್ಟಿದ್ದರಂತೆ, ಎಲ್ಲಿ ಎಂದು ಹೇಳದೆಯೇ ಕಣ್ಣು ಮುಚ್ಚಿದರಂತೆ. ಸಿಕ್ಕರೆ ಮಾವನಿಗೂ, ಮುಡಬಿಯಲ್ಲಿ ಹೊಲ ನೋಡಿಕೊಂಡಿದ್ದ ತಮ್ಮ ಬಕ್ಕಪ್ಪನಿಗೂ ಸಮಪಾಲು ಎಂದು ಚಿಕ್ಕಂದಿನಿಂದಲೂ ಮಾತಾಗಿತ್ತು.

ಮಾವ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತರು. ನಾಲ್ಕು ಸ್ಪೀಕರ್ ನಾಲ್ಕು ದಿನಕ್ಕೆ ಕೂತವು. ಐದನೆಯದಕ್ಕೆ ಹಿಂದಿನ ಗೋಡೆಯ ಬಲಗಡೆ ತಟ್ಟಿದಾಗ, ಅಡುಗೆಮನೆಯಲ್ಲಿದ್ದ ನನಗೂ ಸದ್ದಿನ ವ್ಯತ್ಯಾಸ ತಿಳಿಯಿತು. ಕಾಸಿಂ ಸುಣ್ಣದ ಕಡ್ಡಿಯಿಂದ ಗುರುತು ಮಾಡಿದ, ಮತ್ತೊಮ್ಮೆ ತಟ್ಟಿದ, ಕಿವಿ ಹಚ್ಚಿದ. ಆಮೇಲೆ ಗುರುತನ್ನು ಅಂಗೈಯಿಂದ ಒರೆಸಿಬಿಟ್ಟ. "ಈ ಜಾಗ ಬ್ಯಾಡ್ರಿ ಸಾಹುಕಾರ್ರ" ಎಂದು ಒಂದು ಮೊಳ ಆಚೆ, ಗಟ್ಟಿ ಕಲ್ಲಿನ ಮೇಲೆ ಉಳಿ ಇಟ್ಟ. ಸಂಜೆಯವರೆಗೆ ಬಡಿದರೂ ನಾಲ್ಕು ಬೆರಳು ಆಳ ಆಗಲಿಲ್ಲ.

ಅವನು ಹೋದ ಮೇಲೆ ಮಾವ ನನ್ನನ್ನು ಕರೆದರು.

"ಪೊಳ್ಳು ಬಿಟ್ಟು ಕಲ್ಲು ಕಡಿಯಾಕತ್ತಾನ. ಯಾಕ ಹೇಳು?"

"ಸೌಂಡ್ ಸರಿ ಬರೂದಿಲ್ಲೇನೋರಿ."

"ನೀ ಕರೆಸಿದಾಕಿ, ಅವನ ಕಡೀನೇ ಮಾತಾಡ್ತಿ" ಎಂದರು. ಒಂದೇ ಏಟಿಗೆ ನನ್ನನ್ನೂ ಅವನ ಜೊತೆ ಸೇರಿಸಿದರು. ಸಿಟ್ಟು ಬಂತು. ಆದರೆ ಸುಳ್ಳೇಕೆ, ಯಾಕೆ ಬಿಟ್ಟ ಎಂಬ ಪ್ರಶ್ನೆ ನನ್ನ ತಲೆಯಲ್ಲೂ ಕೊರೆಯತೊಡಗಿತ್ತು. ಮರುದಿನ ಮಾವ ಕಾಸಿಂನನ್ನು ಬಾಗಿಲಿನಿಂದಲೇ ವಾಪಸು ಕಳಿಸಿ, ಹಿತ್ತಲ ಬಾಗಿಲಿಗೆ ಹೊಸ ಬೀಗ ಹಾಕಿಸಿದರು.

ಆ ವಾರ ಮೋರಖಂಡಿಯಲ್ಲಿ ನೆಂಟರ ಮದುವೆ. ಮಾವ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದರು. ನಾವು ಊಟ ಮುಗಿಸಿ ಮೂರು ಗಂಟೆಗೆ ಬಂದರೆ, ಪಡಸಾಲೆಯ ತುಂಬ ಗಾರೆಯ ತುಂಡು, ಮಣ್ಣು. ಮಾವ ತೊಡೆಯ ಮೇಲೆ ಹಾರೆ ಇಟ್ಟುಕೊಂಡು ಕೂತಿದ್ದರು, ತಲೆಗೂದಲೆಲ್ಲ ಧೂಳು. ಗೋಡೆಯಲ್ಲಿ ಒಂದು ಗೂಡು ಬಾಯಿ ತೆರೆದಿತ್ತು. ಒಳಗೆ ಹಳೆಯ ಮಸಿ, ಎಣ್ಣೆಯ ಕಲೆ.

"ಏನೂ ಇಲ್ಲ. ಖಾಲಿ" ಎಂದರು ಮಾವ.

ಅತ್ತೆ ಹತ್ತಿರ ಹೋಗಿ ಗೂಡಿನೊಳಗೆ ಕೈ ಹಾಕಿ ನೋಡಿದರು. ಸೆರಗಿನಿಂದ ಕೈ ಒರೆಸಿಕೊಂಡರು. ತಿರುಗಿ, ತೀರಾ ಮೆಲ್ಲಗೆ ಕೇಳಿದರು: "ಎಲ್ಲಿ ಇಟ್ಟೀರಿ?"

ಮಾವ ನಕ್ಕರು. ಅತ್ತೆ ನಗಲಿಲ್ಲ. ನಲವತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ. ಮಾವ ಮಗನ ಮುಖ ನೋಡಿದರು. ನನ್ನ ಗಂಡ, "ಒಬ್ಬರೇ ಇದ್ದಾಗ ಯಾಕ ತೆರದ್ರಿ ಅಪ್ಪಾ?" ಎಂದಷ್ಟೇ ಹೇಳಿ ಬಚ್ಚಲಿಗೆ ಹೋದರು.

ಇನ್ನು ನನ್ನದು. ಕಸ ತೆಗೆಯುವ ನೆಪದಲ್ಲಿ ಹಿಟ್ಟಿನ ಜರಡಿ ತಂದು ಆ ಮಣ್ಣನ್ನು ಜರಡಿ ಹಿಡಿದೆ. ಎಂ.ಎ., ಬಿ.ಎಡ್. ಮಾಡಿದವಳು ನಾನು. ಅರ್ಧ ಮುಗಿಸಿ ತಲೆ ಎತ್ತಿದರೆ, ಮಾವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಮೂರನೆಯ ದಿನ ಬಕ್ಕಪ್ಪ ಮುಡಬಿಯಿಂದ ಬಂದ. ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಗೂಡಿನ ಮುಂದೆ ಬಹಳ ಹೊತ್ತು ನಿಂತ. ನಾನು ಕೊಟ್ಟ ಚಹಾ ಮುಟ್ಟಲಿಲ್ಲ. "ಅಣ್ಣಾ, ಕರೀಬೇಕಿತ್ತು ನನಗ" ಎಂದು ಹೇಳಿ ಬಂದ ಬಸ್ಸಿಗೇ ಹೋದ. ಅಣ್ಣನ ಮಾತು ಮೀರದ ತಮ್ಮ ಅವನು. ಮಾವ ಆ ರಾತ್ರಿ ರೊಟ್ಟಿ ಮುರಿದು ಹಾಗೆಯೇ ತಟ್ಟೆಯಲ್ಲಿ ಬಿಟ್ಟು ಎದ್ದರು.

ಬೆಳಿಗ್ಗೆ ನನ್ನ ಜೊತೆ ಬಸ್ಸು ಹತ್ತಿದರು. ಹುಮನಾಬಾದಿನಲ್ಲಿ ಇಳಿದು ಸೀದಾ ಕಾಸಿಂನ ಅಂಗಡಿಗೆ ನಡೆದರು. ಹಿಂದೆ ನಾನೂ ಹೋದೆ.

"ನಿನ್ನ ಕಿವಿಗೆ ಗೊತ್ತಿತ್ತು ಅದು ಖಾಲಿ ಅಂತ. ಬಂದು ನನ್ನ ತಮ್ಮಗ, ಮನಿಯಾಕಿಗೆ ಒಂದು ಮಾತು ಹೇಳು."

ಕಾಸಿಂ ಸ್ಟೂಲು ಸರಿಸಿ ಕೂರಿಸಿದ. "ಸಾಹುಕಾರ್ರ, ಎಂಟು ವರ್ಷದ ಹಿಂದ ಮಂಠಾಳದಾಗ ಒಂದು ಮನಿ. ಟೇಪಿನ ಸ್ಪೀಕರ್ ಇಡಾಕ ಇಂಥಾದ್ದೇ ಗೂಡು ತೆರದೆ. ಮನಿಯವರು ಇಬ್ಬರು ಬಾಜೂಕ ನಿಂತಿದ್ರು. ಖಾಲಿ ಇತ್ತು. ಮಣ್ಣು ಸರಿಸೂವಾಗ ಇಂವಾ ಬಂಗಾರ ಕಿಸೇದಾಗ ಹಾಕ್ಕೊಂಡ ಅಂದ್ರು. ನನ್ನ ಹೆಂಡತಿ ಜೈನಬಿ ಹೊಸ ಬಳಿ ಇಟ್ಕೊಂಡ್ರೂ ಅದೇ ಮಾತು. ಆ ಕಡಿ ರಸ್ತೆನೇ ಬಿಟ್ಟೀನಿ. ಅದಕ್ಕ ನಿಮ್ಮ ಮನ್ಯಾಗ ಪೊಳ್ಳು ಬಿಟ್ಟು ಕಲ್ಲು ಕಡದೆ."

ಮಾವ ಸ್ಟೂಲಿನಿಂದ ಏಳಲು ಹೋಗಿ ಮತ್ತೆ ಕೂತರು. ಕಡೆಗೆ, "ನೀ ನನ್ನ ನಂಬ್ತೀ?" ಎಂದು ಕೇಳಿದರು. ಅವರ ಬಾಯಲ್ಲಿ ಆ ಪ್ರಶ್ನೆ ನಾನು ಕೇಳಿದ್ದು ಅದೇ ಮೊದಲು.

"ನಂಬ್ತೀನ್ರಿ. ಆದ್ರ ನಾ ಬಂದು ಖಾಲಿ ಇತ್ತು ಅಂದ್ರ, ಇಬ್ಬರೂ ಹಂಚ್ಕೊಂಡ್ರು ಅಂತಾರ."

ಮಾವ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಇನ್ನೊಬ್ಬರ ವಿಷಯವಾಗಿದ್ದರೆ ಮೊದಲು ಹಾಗೆ ಅನ್ನುವವರೇ ಅವರು. ನಾನು ಅವತ್ತು ಶಾಲೆಗೆ ರಜೆ ಹಾಕಿ ಅವರ ಜೊತೆಯಲ್ಲೇ ವಾಪಸು ಬಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು, "ನೀ ಏನಂತಿ, ವಿದ್ಯಾ?"

"ನಂಬ್ತೀನ್ರಿ ಮಾವ" ಎಂದೆ. ಆದರೆ ಅದನ್ನು ಹೇಳಲು ನನಗೆ ಒಂದು ಗಳಿಗೆ ತಡವಾಯಿತು. ಜನ ಎಲ್ಲಿ ತಡವರಿಸುತ್ತಾರೆ ಎಂದು ನೋಡುವುದರಲ್ಲೇ ಆಯುಷ್ಯ ಕಳೆದವರಿಗೆ ಆ ತಡ ತಪ್ಪಿಹೋಗುತ್ತದೆಯೇ? ಹೌದು ಎಂಬಂತೆ ತಲೆ ಆಡಿಸಿದರು.

ಮುಂದಿನ ವಾರ ಕಾಸಿಂ ಬಂದು ಐದನೆಯ ಸ್ಪೀಕರನ್ನು ಆ ಗೂಡಿನಲ್ಲೇ ಕೂರಿಸಿದ. ತೆರೆದಾಗಿತ್ತಲ್ಲ, ಇನ್ನೇನು ಭಯ. ಭಾನುವಾರ ಮಧ್ಯಾಹ್ನ ಮೊದಲ ಸಿನಿಮಾ. ನನ್ನ ಗಂಡ ಪರದೆ ಎಳೆದು ಕತ್ತಲು ಮಾಡಿದರು. ಬಕ್ಕಪ್ಪನೂ ಹೆಂಡತಿಯನ್ನು ಕರೆದುಕೊಂಡು ಬಂದ. ಮಳೆಯ ದೃಶ್ಯದಲ್ಲಿ ಹನಿ ನಮ್ಮ ಬೆನ್ನ ಹಿಂದೆಯೇ ಬಿದ್ದ ಹಾಗೆ ಕೇಳಿಸಿತು. ಐದರಲ್ಲಿ ಆ ಗೂಡಿನದೇ ಸದ್ದು ಎಲ್ಲಕ್ಕಿಂತ ಚೆನ್ನಾಗಿತ್ತು.

ಮಾವ ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲಿಗೆ ಹೋಗಿ ಕರೆದೆ. "ಬರ್ರಿ ಮಾವ, ನೀವೇ ಆರಿಸಿದ್ದು."

"ನೀವು ನೋಡ್ರಿ" ಎಂದರು. "ನಾ ಒಳಗ ಬಂದ್ರ ಎಲ್ಲಾರೂ ಸಿನಿಮಾ ಬಿಟ್ಟು ಗ್ವಾಡಿ ನೋಡ್ತಾರ."

ಅವರ ಮಾತು ಸುಳ್ಳಾಗಿರಲಿಲ್ಲ. ನಾನು ಒಳಗೆ ಬಂದು ಕೂತು ಮೊದಲು ನೋಡಿದ್ದೂ ಆ ಗೋಡೆಯನ್ನೇ.