ಗುಳಿಗೆ ತಿಂದ ಕರಿಬೇವು

ಆದದ್ದು ಇಷ್ಟೇ. ಡಾಕ್ಟರು ನನಗೆ ಬರೆದುಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಒಂದು ತಿಂಗಳು ನಾನು ಹಿತ್ತಿಲಿನ ಕರಿಬೇವಿನ ಗಿಡಕ್ಕೆ ಹಾಕಿದೆ. ಗಿಡ ಹಸಿರಾಯಿತು, ನಾನು ಬಿಳಿಚಿಕೊಂಡೇ ಉಳಿದೆ. ಮನೆಯವರು ಇದಕ್ಕೆ ಎಷ್ಟೇ ಒಗ್ಗರಣೆ ಹಾಕಿ ಹೇಳಲಿ, ಒಳಗಿರುವ ಕಾಳು ಇದೇ. ದಡ್ಡತನದಿಂದ ಮಾಡಿದೆ ಎನ್ನುತ್ತಾರೆ. ಅಲ್ಲ, ವಿಜ್ಞಾನ ಕೇಳಿ ಮಾಡಿದೆ. ಕೇಳಿದ್ದು ಅರ್ಧ, ಅಷ್ಟೇ.

ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಮೇಡ್ಲೇರಿಯ ಹೊಲಗಳಲ್ಲಿ ಹತ್ತಿ ಬೀಜದ ಕ್ರಾಸಿಂಗ್ ಕೆಲಸ ಮಾಡುತ್ತೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಂಜೆ ಮುಂದೆ ಹೆಣ್ಣು ಸಾಲಿನ ಮೊಗ್ಗನ್ನು ಉಗುರಿನಿಂದ ಸುಲಿದು ಒಳಗಿನ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಸವರಿ, ಗುರುತಿಗೆ ದಾರ ಕಟ್ಟಬೇಕು. ಮದುವೆ ಮಾಡಿಸಿದ ಹಾಗೆಯೇ, ಊಟ ಮಾತ್ರ ಇರುವುದಿಲ್ಲ. ನಾನು ಕಟ್ಟಿದ ಹೂವು ಉದುರುವುದು ಕಡಿಮೆ. ಹೊಲದವರೇ ಹೇಳುತ್ತಾರೆ, ನಾನಲ್ಲ. ಮಗ ಬ್ಯಾಡಗಿಯ ಖಾರದ ಪುಡಿ ಗಿರಣಿಯಲ್ಲಿದ್ದಾನೆ, ಮನೆ ನಡೆಯುತ್ತದೆ. ಆದರೂ ನಾನು ಹೊಲಕ್ಕೆ ಹೋಗುತ್ತೇನೆ. ಮನೆಯಲ್ಲಿ ಕೂತರೆ ಸೊಸೆಯ ಸಾರಿನಲ್ಲಿ ತಪ್ಪು ಹುಡುಕುತ್ತೇನೆ. ಅದು ಇಬ್ಬರಿಗೂ ಒಳ್ಳೆಯದಲ್ಲ.

ಈ ಸಲ ಕ್ರಾಸಿಂಗ್ ಶುರುವಾದ ವಾರದಲ್ಲೇ ತಲೆ ತಿರುಗಿ ಬದುವಿನ ಮೇಲೆ ಕೂತುಬಿಟ್ಟೆ. ರಾಣೆಬೆನ್ನೂರಿನ ದವಾಖಾನೆಗೆ ಒಯ್ದರು. ಡಾಕ್ಟರಮ್ಮ ರಕ್ತ ತೆಗೆಸಿ ನೋಡಿ, "ಹಿಮೋಗ್ಲೋಬಿನ್ ಎಂಟ ಐತ್ರಿ. ಹತ್ತರ ಮ್ಯಾಲ ಬರೂತನಕ ಹೊಲ ಬಂದ್. ಒಂದ ತಿಂಗಳ ಗುಳಿಗಿ ತಗೊಂಡ ಬರ್ರಿ," ಎಂದರು.

ನಮ್ಮ ಗುಂಪು ನಡೆಸುವವಳು ಊರಿನ ಮುಸಲ್ಮಾನರ ಮನೆಯ ಹೆಂಗಸು. ನನಗಿಂತ ಹತ್ತು ವರ್ಷ ಸಣ್ಣವಳು, ಆದರೂ ಎಲ್ಲರಂತೆ ನಾನೂ ಆಪಾ, ಅಂದರೆ ಅಕ್ಕಾ, ಎನ್ನುತ್ತೇನೆ. ಆಕೆ ನೇರವಾಗಿ ಹೇಳಿದಳು: "ದೊಡ್ಡವ್ವಾ, ನಿನ್ನ ಸಾಲು ಒಂದ ತಿಂಗಳ ನಾವ ಹಂಚಕೊಂಡ ಮಾಡತೇವಿ. ಅಷ್ಟರಾಗ ಬರಲಿಲ್ಲಂದ್ರ ಬ್ಯಾರೆದಾಕಿನ್ನ ಹಚ್ಚತೇನಿ. ಸಿಟ್ಟ ಮಾಡಕೋಬ್ಯಾಡ."

ಸಿಟ್ಟು ಬಂತು. ಆದರೆ ಆಕೆಯ ಮಾತು ಸರಿ ಇತ್ತು. ಹೂವು ಯಾರ ರಕ್ತಕ್ಕೂ ಕಾಯುವುದಿಲ್ಲ.

ಅವತ್ತು ಸಂಜೆ ಗುಳಿಗೆಯ ಚೀಟಿ ಕೈಯಲ್ಲಿ ಹಿಡಿದು, "ಕಬ್ಬಿಣ ತಿನ್ನಾಕ ನಾ ಏನ ಗುಜರಿ ಅಂಗಡೀನ?" ಎಂದು ಕೇಳಿದೆ. ಮೊಮ್ಮಗಳು ಹಾವೇರಿಯ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ಯಾರಾದರೂ ಏನಾದರೂ ಕೇಳಲಿ ಎಂದು ಕಾಯುತ್ತಲೇ ಇರುತ್ತಾಳೆ. ಒಳಗೆ ಹೋಗಿ ಅವರಪ್ಪನ ಮ್ಯಾಗ್ನೆಟ್ ತಂದಳು. ಮೆಣಸಿನಕಾಯಿಯ ಜೊತೆ ಮೊಳೆ, ತಂತಿ ಚೂರು ಗಿರಣಿಗೆ ಹೋಗಬಾರದೆಂದು ಅಲ್ಲಿ ಇಡುವಂಥದ್ದು. ಹಳೆಯದಾಯಿತೆಂದು ಮನೆಗೆ ಬಂದಿತ್ತು. ಅದನ್ನು ಅಂಗಳದ ಹೊಳೆ ಮರಳಿನಲ್ಲಿ ಎಳೆದಳು. ಕರಿ ಹಿಟ್ಟಿನಂಥದ್ದು ಮೀಸೆಯ ಹಾಗೆ ಹತ್ತಿಕೊಂಡಿತು.

"ಇದ ಕಬ್ಬಿಣ, ಅಜ್ಜಿ. ಎಲ್ಲಿಂದ ಬಂತು ಹೇಳು."

"ನೆಲದಾಗಿಂದ."

"ನೆಲಕ್ಕ?"

"ಅದನ್ನ ನೆಲಾನ ಕೇಳು."

"ಚುಕ್ಕಿಯಿಂದ ಬಂತು. ದೊಡ್ಡ ಚುಕ್ಕಿ ಹೊಟ್ಟ್ಯಾಗ ಬೆಂದ ಬೆಂದ ಕಬ್ಬಿಣ ಆಗತೈತಿ. ಆಮ್ಯಾಲ ಚುಕ್ಕಿ ಒಡೀತೈತಿ. ಆ ಧೂಳಿನಾಗ ಭೂಮಿ ಆತು, ಮಣ್ಣ ಆತು. ಮಣ್ಣಿನ್ಯಾಗಿಂದ ಗಿಡಕ್ಕ, ಗಿಡದಾಗಿಂದ ನಮ್ಮ ರಕ್ತಕ್ಕ."

ಮ್ಯಾಗ್ನೆಟ್ ಇಸಿದುಕೊಂಡು ನನ್ನ ತೋಳಿಗೆ ಹಚ್ಚಿ ನೋಡಿದೆ. ಹಿಡಿಯಲಿಲ್ಲ. "ಸುಳ್ಳು," ಎಂದೆ. ರಕ್ತದಲ್ಲಿ ಕಬ್ಬಿಣ ಬೇರೆ ರೀತಿ ಕಟ್ಟಿಕೊಂಡು ಕೂತಿರುತ್ತದೆ, ಮ್ಯಾಗ್ನೆಟ್ಟಿಗೆ ಬರುವುದಿಲ್ಲ, ಒಬ್ಬ ಮನುಷ್ಯನಲ್ಲಿರುವುದೆಲ್ಲ ಸೇರಿಸಿದರೆ ಒಂದು ಸಣ್ಣ ಮೊಳೆಯಷ್ಟಾಗುತ್ತದೆ ಎಂದಳು.

"ಹಂಗಾರ ರೊಟ್ಟಿ ಬೇಯಸೋ ಹಂಚು ನನ್ನ ಬಳಗೇನ?"

"ಹೂಂ. ಚುಕ್ಕಿನೂ ನಿನ್ನ ಬಳಗ."

"ಇಷ್ಟ ಬಳಗ ಇಟಗೊಂಡ ನಿನ್ನ ಮದುವಿಗೆ ಯಾರನ್ನ ಕರೀಲಿ, ಯಾರನ್ನ ಬಿಡ್ಲಿ?"

ಒಳಗಿನಿಂದ ಸೊಸೆ, "ಚುಕ್ಕಿ ಬರಲಿ ಬಿಡ್ರಿ ಅತ್ತಿ, ಅವು ಉಣ್ಣೂದಿಲ್ಲ," ಎಂದಳು.

ನಗೆಯಲ್ಲಿ ಮಾತು ಮುಗಿಯಿತು, ಆದರೆ ನನ್ನ ತಲೆಯಲ್ಲಿ ಮುಗಿಯಲಿಲ್ಲ. ಮೊದಲ ಗುಳಿಗೆ ನುಂಗಿದಾಗ ಬಾಯಿಯೆಲ್ಲ ತುಕ್ಕು ನೆಕ್ಕಿದ ಹಾಗಾಯಿತು, ಹೊಟ್ಟೆ ಕಟ್ಟಿತು. ಆಗ ಯೋಚನೆ ಮಾಡಿದೆ. ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ರಕ್ತಕ್ಕೆ ಎಂದು ಕಲಿತವಳೇ ಹೇಳಿದ್ದಾಳೆ. ಹಿತ್ತಿಲಲ್ಲಿ ಕರಿಬೇವು ಹಳದಿ ಹೊಡೆದುಕೊಂಡು ನಿಂತಿದೆ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವುದು ನಮ್ಮಲ್ಲಿ ಮೊದಲಿನಿಂದ ಇದೆ, ತುಕ್ಕು ಹಿಡಿದ ಮೊಳೆ ಹುಗಿಯುವವರೂ ಇದ್ದಾರೆ. ಹಾಗಾದರೆ ಗುಳಿಗೆ ಕುಟ್ಟಿ ಮಜ್ಜಿಗೆಯಲ್ಲಿ ಕಲಸಿ ಬುಡಕ್ಕೆ ಹಾಕಿ, ಎಲೆಯನ್ನು ನಾನು ತಿಂದರೆ? ಗಿಡಕ್ಕೂ ಆಯಿತು, ನನಗೂ ಆಯಿತು. ಇದರಲ್ಲಿ ತಪ್ಪು ಎಲ್ಲಿದೆ ಎಂದು ಅವತ್ತು ಯಾರಾದರೂ ಕೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಹದಿನೈದು ದಿನಕ್ಕೆ ಹೊಸ ಚಿಗುರು ಹಸಿರಾಗಿ ಬಂತು. ನನಗೆ ಧೈರ್ಯ ಬಂತು. ಚಟ್ನಿಪುಡಿಗೆ ಕರಿಬೇವು, ಮಜ್ಜಿಗೆಗೆ ಕರಿಬೇವು, ಬರಿಯ ಬಾಯಿಗೂ ಕರಿಬೇವು. ಒಂದು ಬೆಳಿಗ್ಗೆ ಸೊಸೆ ಕೇಳಿದಳು, "ಅತ್ತಿ, ಉಪ್ಪಿಟ್ಟಿಗೆ ರವಾ ಹಾಕ್ಲೋ ಬ್ಯಾಡೋ? ಬರೇ ಕರಿಬೇವ ಸಾಕೇನ್ರಿ?"

ತಿಂಗಳು ತುಂಬಿತು. ಮೊಮ್ಮಗಳನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ರಕ್ತ ಎಂಟಕ್ಕೆ ಎಂಟೇ.

"ಗುಳಿಗಿ ದಿನಾ ತಗೊಂಡ್ರೇನು?" ಡಾಕ್ಟರಮ್ಮ ಕೇಳಿದರು.

"ಒಂದ ದಿನಾನೂ ಬಿಟ್ಟಿಲ್ರಿ. ಕರಿಬೇವಿನ್ಯಾಗ ತಗೊಂಡೇನಿ."

"ಕರಿಬೇವಿನ್ಯಾಗ ಅಂದ್ರ?"

ಹೇಳಿದೆ. ಮಜ್ಜಿಗೆಯ ಅಳತೆಯನ್ನೂ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮೊಮ್ಮಗಳ ಮುಖ ನೋಡಿದರು. ಅವಳು ವೇಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಯಜ್ಜಿ, ಹಂಗಾರ ನಾ ಗಿಡದ ರಕ್ತ ತಪಾಸ್ಣಿ ಮಾಡಸಬೇಕಿತ್ತು," ಎಂದು ಡಾಕ್ಟರಮ್ಮ ನಕ್ಕರು. ಪಾಳಿಯಲ್ಲಿ ಕೂತಿದ್ದವರೂ ನಕ್ಕರು. ನಾನು ನಗಲಿಲ್ಲ. ನನ್ನ ಸಾಲು ಹೋದದ್ದು ನನಗೊಬ್ಬಳಿಗೇ ಗೊತ್ತಿತ್ತು. ಏಳುವ ಮುಂಚೆ ಒಂದೇ ಮಾತು ಕೇಳಿದೆ: "ಕುಂತ ಮಾಡೋ ಕೆಲಸ ಮಾಡಬಹುದೇನ್ರಿ?"

"ನೆರಳಾಗ ಕುಂತ ಮಾಡ್ರಿ. ಗುಳಿಗಿ ಮಾತ್ರ ಬಾಯಾಗ ಹಾಕೋರಿ. ನಿಮ್ಮ ಬಾಯಾಗ."

ಬಸ್ಸಿನಲ್ಲಿ ಮೊಮ್ಮಗಳ ಮೇಲೆ ಹರಿಹಾಯ್ದೆ. "ಗಿಡದಾಗಿಂದ ರಕ್ತಕ್ಕ ಅಂತ ನೀನ ಹೇಳಿದ್ದಿ."

"ಖರೇನ ಹೇಳೇನಿ. ಆದ್ರ ಗಿಡಾ ಮೊದಲ ತನಗ ಇಟಗೊಂತೈತಿ. ಎಲಿಯೊಳಗ ಬಂದದ್ರಾಗೂ ನಮ್ಮ ಮೈ ಹಿಡಕೊಳ್ಳೋದು ಚಿಟಿಕಿಯಷ್ಟ."

"ಅದನ್ನ ಯಾಕ ಹೇಳಲಿಲ್ಲ?"

"ನೀ ಮದುವಿ ಮಾತ ತಗದಿ."

ಟಿಕೀಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಆಮೇಲೆ ಕೇಳಿದೆ, "ಆ ನಿನ್ನ ಚುಕ್ಕಿಯೊಳಗಿನ ಕಬ್ಬಿಣ ನನ್ನ ತನಕ ಬರಾಕ ಎಷ್ಟ ವರ್ಷ ಹಿಡೀತು?"

"ನೂರಾರು ಕೋಟಿ ವರ್ಷ, ಅಜ್ಜಿ."

"ಕ್ರಾಸಿಂಗ್ ಇನ್ನೊಂದ ತಿಂಗಳಿಗೆ ಮುಗೀತೈತಿ," ಎಂದೆ.

ಅವಳು ಹೇಳಿದ ದಾರಿ ಸುಳ್ಳಲ್ಲ, ಈಗಲೂ ನಂಬುತ್ತೇನೆ. ಚುಕ್ಕಿಗೆ ಪುರುಸೊತ್ತು ಇತ್ತು, ನನಗಿರಲಿಲ್ಲ. ಅಷ್ಟೇ ವ್ಯತ್ಯಾಸ.

ಮರುದಿನ ಬೆಳಿಗ್ಗೆ ರೊಟ್ಟಿ ತಿಂದು, ನಿಂಬೆ ಹಿಂಡಿದ ನೀರಿನಲ್ಲಿ ಗುಳಿಗೆ ನುಂಗಿದೆ. ಅದರ ಮೇಲೆ ಚಹಾ ಕುಡಿಯಬಾರದೆಂದು ಚೀಟಿಯಲ್ಲಿ ಬರೆದಿದ್ದರು, ಕುಡಿಯಲಿಲ್ಲ. ಸಿಟ್ಟಿನಲ್ಲೇ ಹೊಲದ ದಾರಿ ಹಿಡಿದೆ. ನನ್ನ ಸಾಲಿನಲ್ಲಿ ಆಗಲೇ ಬೇರೆ ಹುಡುಗಿ ಹೂವು ಸವರುತ್ತಿದ್ದಳು. ಆಪಾ ನನ್ನನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

"ದೊಡ್ಡವ್ವಾ, ನೀ ಬಿದ್ರ ನಿನ್ನ ಮಗಾ ನನ್ನ ಬೈತಾನ."

"ಕುಂತಾಕಿ ಎಲ್ಲಿ ಬೀಳಬೇಕು? ದಾರ ಕೊಡು, ಕತ್ತರಸತೇನಿ."

ಆಕೆ ದಾರದ ಉಂಡೆ, ಕತ್ತರಿ ಎರಡನ್ನೂ ನನ್ನ ಉಡಿಗೆ ಹಾಕಿದಳು. ಬೇವಿನ ನೆರಳಿಗೆ ಕೂತು, ಹೂವು ಮುಗಿಯುವ ತನಕ ಗೇಣುದ್ದದ ದಾರ ಕತ್ತರಿಸಿ ಕೊಟ್ಟೆ. ಆ ಹುಡುಗಿ ಗಂಟು ಸಡಿಲು ಹಾಕುತ್ತಿದ್ದಳು. ಕೂತಲ್ಲಿಂದಲೇ ನಾಲ್ಕು ಸಲ ಬೈದೆ.